ಅವಧಿಗೆ ಮುನ್ನ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಅಳೆಯುವುದು ಹೇಗೆ?

ಗರ್ಭದ 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿನ ತೂಕವನ್ನು ಹುಟ್ಟಿದ ದಿನಾಂಕದ ಲೆಕ್ಕದಲ್ಲಿ ಬೆಳವಣಿಗೆಯ ಚಾರ್ಟಿನ ಮೇಲೆ ಗುರುತಿಸಿ, ಚುಕ್ಕೆ ಎಲ್ಲ ಗೆರೆಗಳಿಗಿಂತ ಕೆಳಗೆ ಬಿದ್ದುದನ್ನು ಕಂಡು ಕಂಗಾಲಾಗುವ ತಂದೆ ತಾಯಿಯರನ್ನು ಹಲವು ಸಲ ನೋಡಿದ್ದೇನೆ. ಮಗು ಚೆನ್ನಾಗಿಯೇ ಬೆಳೆಯುತ್ತಿರುತ್ತದೆ, ಲೆಕ್ಕ ತಪ್ಪಿರುತ್ತದೆ.

ಮೊದಲ ಹಂತ ತೂಕ. ವಾರಕ್ಕೊಮ್ಮೆ, ಒಂದೇ ಯಂತ್ರದಲ್ಲಿ, ಹಾಲೂಡುವ ಮುನ್ನ, ಬಟ್ಟೆಯಿಲ್ಲದೆ ತೂಗಿದರೆ ಸಾಕು. ಮಗುವನ್ನೆತ್ತಿಕೊಂಡು ದೊಡ್ಡವರ ಯಂತ್ರದ ಮೇಲೆ ನಿಂತು ತಮ್ಮ ತೂಕವನ್ನು ಕಳೆಯುವ ಅಡ್ಡದಾರಿ ಖಂಡಿತ ಬೇಡ. ಅದು 100 ಗ್ರಾಂ ಆಚೀಚೆ ತೋರಿಸಿದರೆ ವಾರದ ಏರಿಕೆಯ ಅರ್ಧದಷ್ಟು ಅದರಲ್ಲೇ ಕಳೆದುಹೋಗುತ್ತದೆ. ತಲೆಯ ಸುತ್ತಳತೆಗೆ ಹಿಗ್ಗದ ಟೇಪನ್ನು ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಸುತ್ತಿ, ಮೂರು ಸಲ ಅಳೆದು, ಹೆಚ್ಚು ಬಂದದ್ದನ್ನು ಬರೆದುಕೊಳ್ಳಿ.

ಎಡವುವುದು ಮುಂದಿನ ಹಂತದಲ್ಲಿ, ಅಂದರೆ ತಿದ್ದಿದ ವಯಸ್ಸಿನ ಲೆಕ್ಕದಲ್ಲಿ. ಹುಟ್ಟುವಾಗ ತುಂಬಿದ್ದ ವಾರಗಳನ್ನು 40ರಿಂದ ಕಳೆದು, ಉಳಿದದ್ದನ್ನು ಮಗುವಿನ ಈಗಿನ ವಯಸ್ಸಿನಿಂದ ಕಳೆಯಬೇಕು. ಹಲವರು 37ರಿಂದ ಕಳೆದು ಮೂರು ವಾರ ತಪ್ಪುತ್ತಾರೆ. 30 ವಾರಕ್ಕೆ ಹುಟ್ಟಿದ ಮಗು 10 ವಾರ ಮುಂಚೆ ಬಂದಿದೆ. ಅದಕ್ಕೀಗ 18 ವಾರವಾಗಿದ್ದರೆ ತಿದ್ದಿದ ವಯಸ್ಸು 8 ವಾರ. ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ ಚುಕ್ಕೆ ಇಡಬೇಕಾದದ್ದು ಈ 8ರ ನೇರಕ್ಕೆ. ತೂಕ, ಉದ್ದ, ತಲೆ ಮೂರಕ್ಕೂ ಎರಡು ವರ್ಷದವರೆಗೆ ಇದೇ ಲೆಕ್ಕ. ತಿಂಗಳುಗಳಲ್ಲಿ ಅಂದಾಜು ಮಾಡದೆ ವಾರಗಳಲ್ಲೇ ಎಣಿಸಿ. ಲಸಿಕೆಗೆ ಮಾತ್ರ ಸಾಮಾನ್ಯವಾಗಿ ಹುಟ್ಟಿದ ದಿನಾಂಕವೇ ಆಧಾರ.

ಈ ಮಕ್ಕಳು ಆರಂಭದಲ್ಲಿ ಹಿಂದುಳಿಯುವುದಕ್ಕೆ ಹಾರ್ಮೋನುಗಳ ಕಾರಣವೂ ಇದೆ. ಐಜಿಎಫ್-1 ಎಂಬ, ಬೆಳವಣಿಗೆಗೆ ನೆರವಾಗುವ ಹಾರ್ಮೋನು ಗರ್ಭದ ಕೊನೆಯ ಮೂರು ತಿಂಗಳಲ್ಲಿ ಶಿಶುವಿನ ರಕ್ತದಲ್ಲಿ ಏರುತ್ತ ಹೋಗಬೇಕು. ಮುಂಚೆಯೇ ಹೆರಿಗೆಯಾಗಿ ಮಾಸಿನ ಪೋಷಣೆ ಕಡಿದಾಗ ಅದು ಕುಸಿಯುತ್ತದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ ಹಾರ್ಮೋನು ಧಾರಾಳವಾಗಿದ್ದರೂ ಪೋಷಣೆ ಸಾಲದಿದ್ದರೆ ಯಕೃತ್ತು ಐಜಿಎಫ್-1 ಅನ್ನು ಸಾಕಷ್ಟು ತಯಾರಿಸದು. ಸಾಕಷ್ಟು ಪ್ರೋಟೀನು ಮತ್ತು ಶಕ್ತಿ ದೊರೆತಂತೆ ಮಟ್ಟ ಮೇಲೇರುತ್ತದೆ. ಹೀಗಾಗಿ "ಬೆಳವಣಿಗೆಯ ಟಾನಿಕ್" ಎಂದು ಮಾರುವ ಸೀಸೆಗಳನ್ನು ಮುಟ್ಟಬೇಡಿ. ತಾಯಿಯ ಹಾಲಿಗೆ ಪೂರಕ ಬೇಕೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಕೊನೆಗೆ, ಒಂಟಿ ಚುಕ್ಕೆಯನ್ನು ನಂಬದೆ, ಚುಕ್ಕೆಗಳನ್ನು ಸೇರಿಸಿದ ಗೆರೆಯ ಓಟವನ್ನು ಗಮನಿಸಿ. ಎರಡು ವಾರ ತೂಕ ಏರದೆ ನಿಂತರೆ, ಅಥವಾ ತಲೆಯ ಸುತ್ತಳತೆ ಗೆರೆಗಳನ್ನು ದಾಟಿ ಸರಸರನೆ ಮೇಲೇರಿದರೆ, ಮುಂದಿನ ಅಳತೆಗೆ ಕಾಯದೆ ಅಳತೆಗಳನ್ನು ಬರೆದಿಟ್ಟ ಪುಸ್ತಕ ಹಿಡಿದು ವೈದ್ಯರ ಬಳಿಗೆ ಹೋಗಿ.