ದುಡ್ಡು ಕೊಟ್ಟೇ ನಡೆಸಿದ ಆನ್‌ಲೈನ್ ಪರಿಸರ ಸಂಸ್ಥೆ: ನನ್ನ ಅನುಭವ

ಗಣಿಯಂಥ ಯೋಜನೆಗಳ ಬಗ್ಗೆ ಊರಿನವರ ಅಹವಾಲು ಸಭೆಯ ನೋಟಿಸ್ ಹುಡುಕೋದು, ಯೋಜನೆಯ ವರದಿ ಓದಿ ಊರಿಗೆ ತಿಳಿಸೋದು, ಆಕ್ಷೇಪಣೆ ಬರೆಸೋದು ನಮ್ಮ ಸಂಸ್ಥೆಯ ಕೆಲಸ. ಅದನ್ನು ಮಾಡುವವರಿಗೆ ಗೌರವಧನ ಕೊಡುತ್ತೇವೆ. ದುಡ್ಡು ಕೊಟ್ಟರೆ ಹೋರಾಟ ಕೆಡುತ್ತದೆ ಅಂದವರ ಪಟ್ಟಿ ದೊಡ್ಡದಿದೆ. ಹಳೇ ಹೋರಾಟಗಾರರು, ಒಬ್ಬ ವಕೀಲರು, ನಮ್ಮದೇ ಟ್ರಸ್ಟಿಯೊಬ್ಬರು. 'ನೋಟಿಸ್ ಓದೋದಕ್ಕೆ ಗೌರವಧನವಾ? ನಾಳೆ ಘೋಷಣೆ ಕೂಗೋದಕ್ಕೂ ದರ ಕಟ್ಟುತ್ತೀರಾ?' ಅಂತ ನಕ್ಕರು. ಈಗ ಮೂರನೇ ವರ್ಷ ನಡೀತಿದೆ. ಮೂವತ್ತೈದು ಜನರಿದ್ದಾರೆ. ಅರ್ಧಕ್ಕರ್ಧ ಜನ ಒಬ್ಬರ ಮುಖ ಒಬ್ಬರು ನೋಡಿಲ್ಲ. ಕಚೇರಿ ಅಂತ ಒಂದು ಕುರ್ಚಿಯೂ ಇಲ್ಲ. ಆದರೂ ನಮ್ಮ ಹದಿನಾಲ್ಕು ತಾಲ್ಲೂಕುಗಳಲ್ಲಿ ಪರಿಸರದ ಅಹವಾಲು ಸಭೆ ನಡೆದರೆ ಊರಿನವರಿಗೆ ಗೊತ್ತಾಗದೇ ಇರಲ್ಲ. ಇಷ್ಟು ಜಂಬ ಪಡಬಹುದು ಅಲ್ವಾ?

ಮೊದಲು ಯಾವುದು ನಡೆಯಲಿಲ್ಲ ಅಂತ ಹೇಳ್ತೀನಿ. ಯೋಜನೆಗೆ ಅನುಮತಿ ಕೊಡುವ ಮೊದಲು ಪರಿಸರದ ಮೇಲಾಗುವ ಪರಿಣಾಮ ಅಳೆಯುವ ನಿಯಮ ಇದೆಯಲ್ಲ, ಇಐಎ ಅಂತ, ಅದನ್ನು ಬದಲಿಸಲು ಕೇಂದ್ರ ಸರ್ಕಾರ ತಂದ 2020ರ ಕರಡಿನ ಗಲಾಟೆ ನಿಮಗೆಲ್ಲ ನೆನಪಿದೆ. ಅದನ್ನು ನಮ್ಮ ಭಾಷೆಗಳಿಗೆ ಅನುವಾದ ಮಾಡಿ ಅಂತ ದೆಹಲಿ ಹೈಕೋರ್ಟ್ ಹೇಳಬೇಕಾಯಿತು. ಆಕ್ಷೇಪಣೆಯ ಇಮೇಲ್‌ಗಳು ಲಕ್ಷಗಟ್ಟಲೆ ಹೋದವು. ಪ್ರಚಾರ ಮಾಡಿದ ಕೆಲವು ಯುವ ಗುಂಪುಗಳ ವೆಬ್‌ಸೈಟ್‌ಗಳೇ ಜುಲೈನಲ್ಲಿ ಬಂದ್ ಆದವು. ಆ ಬಿಸಿಯಲ್ಲಿ ನಮ್ಮ ವಾಟ್ಸಾಪ್ ಗುಂಪಿಗೆ ಎರಡು ವಾರದಲ್ಲಿ ಮುನ್ನೂರು ಚಿಲ್ಲರೆ ಜನ ಸೇರಿದರು. ಡಿಸೆಂಬರ್ ಹೊತ್ತಿಗೆ ಕೆಲಸ ಮಾಡುತ್ತಿದ್ದವರು ಹನ್ನೆರಡೋ ಹದಿಮೂರೋ ಮಂದಿ. ಕಾಲೇಜಿನವರು ಪರೀಕ್ಷೆ ಬಂದಾಗ ಮಾಯ. ಐಟಿಯವರು ಶನಿವಾರ ಚೆನ್ನಾಗಿ ಕೆಲಸ ಮಾಡುತ್ತಿದ್ದರು, ಆದರೆ ನೋಟಿಸ್ ಶನಿವಾರವೇ ಬರಬೇಕಲ್ಲ.

ಉಳಿದ ಆ ಹನ್ನೆರಡು ಜನ ಯಾರು ಅಂತ ಕೂತು ನೋಡಿದಾಗ ದಾರಿ ಕಂಡಿತು. ಒಬ್ಬರು ನಿವೃತ್ತ ಗ್ರಾಮ ಲೆಕ್ಕಿಗರು. ಇಬ್ಬರು ತಾಲ್ಲೂಕು ಕಚೇರಿ ಎದುರಿಗೆ ಡಿಟಿಪಿ ಅಂಗಡಿ ಇಟ್ಟವರು. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟ ಒಬ್ಬ ಇಂಗ್ಲಿಷ್ ಉಪನ್ಯಾಸಕಿ. ಒಬ್ಬ ಪತ್ರಿಕಾ ಏಜೆಂಟ್. ಭಾಷಣ ಮಾಡುವವರು ಒಬ್ಬರೂ ಇಲ್ಲ! ಇವರಲ್ಲಿ ಯಾರಿಗೂ ಪುಕ್ಕಟೆ ಸಮಯ ಇರಲಿಲ್ಲ. ಸುಮ್ನೆ 'ಸೇವೆ' ಅಂತ ಕೇಳಿದರೆ ಆರು ತಿಂಗಳಲ್ಲಿ ಇವರೂ ಹೋಗುತ್ತಿದ್ದರು. ಅದಕ್ಕೇ ದರ ಕಟ್ಟಿದೆವು.

ದರ ಹೀಗಿದೆ. ಪತ್ರಿಕೆಯಲ್ಲಿ ನೋಟಿಸ್ ಕಾಯುವವರಿಗೆ ಮೊದಲು ತಿಂಗಳಿಗೆ 800 ರೂಪಾಯಿ ಇತ್ತು. ಇಂಗ್ಲಿಷ್ ವರದಿ ಓದಿ ಕನ್ನಡದಲ್ಲಿ ಸಾರ ಬರೆಯುವವರಿಗೆ ಪುಟಕ್ಕೆ 120. ಅದನ್ನು ಊರಿನ ಮಾತಿನಲ್ಲಿ ವಾಯ್ಸ್ ಮೆಸೇಜ್ ಮಾಡುವವರಿಗೆ ಹತ್ತು ನಿಮಿಷಕ್ಕೆ 200. ಇಬ್ಬರು ಸಂಯೋಜಕರಿಗೆ ಹನ್ನೆರಡು ಹನ್ನೆರಡು ಸಾವಿರ. ನಾನು ಈವರೆಗೆ ಏನೂ ತೆಗೆದುಕೊಂಡಿಲ್ಲ, ಅದು ನನ್ನ ಮನೆಯವರು ಹೇಳುವ ಪ್ರಕಾರ ದಡ್ಡತನ. ಗೌರವಧನಕ್ಕೇ ಹತ್ತಿರ ಹತ್ತಿರ ಅರವತ್ತು ಸಾವಿರ ಹೋಗುತ್ತದೆ. ಬಸ್ಸು, ಜೆರಾಕ್ಸ್, ಸರ್ವರ್, ಫೋನು, ಆಡಿಟರ್ ಎಲ್ಲ ಸೇರಿ ತಿಂಗಳಿಗೆ ತೊಂಬತ್ತು ತೊಂಬತ್ತೈದು ಸಾವಿರ.

ನೋಟಿಸ್ ಕಾಯೋದು ದೊಡ್ಡ ವಿಷಯವಾ ಅಂತ ಕೇಳಬೇಡಿ. 2006ರ ಇಐಎ ಅಧಿಸೂಚನೆಯ ಪ್ರಕಾರ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಬರಬೇಕು, ಒಂದು ರಾಷ್ಟ್ರೀಯ ಪತ್ರಿಕೆಯಲ್ಲಿ, ಒಂದು ಪ್ರಾದೇಶಿಕ ಪತ್ರಿಕೆಯಲ್ಲಿ. ಆ ಪ್ರಾದೇಶಿಕದ್ದು ಜಿಲ್ಲಾ ಆವೃತ್ತಿಯ ಒಳಪುಟದಲ್ಲಿ, ಟೆಂಡರ್‌ಗಳ ನಡುವೆ ಇರುತ್ತದೆ. ಬೆಂಗಳೂರಿನಲ್ಲಿ ಕೂತವರಿಗೆ ಆ ಪುಟವೇ ಸಿಗಲ್ಲ. ಹದಿನೈದನೇ ದಿನ ಗೊತ್ತಾದರೆ ಅರ್ಧ ಸಮಯ ಹೋಯಿತು. ನಮ್ಮ ಏಜೆಂಟ್ ಅಣ್ಣ ಬೆಳಗಿನ ಜಾವ ಪೇಪರ್ ಬಂಡಲ್ ಬಿಚ್ಚುವಾಗಲೇ ಫೋಟೊ ಹಾಕುತ್ತಾರೆ. ಆರು ಗಂಟೆಗೆ ನಮ್ಮ ಗಡಿಯಾರ ಶುರು.

ಮೊದಲ ಎರಡು ದಿನ ಯೋಜನೆಯ ಇಐಎ ವರದಿ ತರೋದಕ್ಕೆ. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ಇರಬೇಕು ಅಂತ ನಿಯಮ. ಒಂದು ಕಡೆ ಬೀಗ ಹಾಕಿದ ಕಪಾಟಿನಲ್ಲಿತ್ತು, ಕೀಲಿ ರಜೆ ಮೇಲೆ ಹೋದವರ ಹತ್ತಿರ. ಹಾಗಾಗಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಿಂದ ಇಳಿಸಿಕೊಳ್ಳೋದು, ಕಚೇರಿಗೂ ಹೋಗಿ ಕೇಳೋದು, ಎರಡೂ ಒಟ್ಟಿಗೆ ಮಾಡುತ್ತೇವೆ. ಕಚೇರಿಯಲ್ಲಿ ಸಿಗದಿದ್ದರೆ ಅವತ್ತೇ ಬರೆದುಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬರುತ್ತೇವೆ. ಆ ಸೀಲ್ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

ಆಮೇಲೆ ಓದು. ಪೂರ್ತಿ ವರದಿ ನಾನೂರು ಐನೂರು ಪುಟದ ಇಂಗ್ಲಿಷ್. ಕನ್ನಡದ ಸಾರಾಂಶ ಮೂವತ್ತು ಪುಟ ಇದ್ದರೆ ಹೆಚ್ಚು. ಎಲ್ಲ ಓದಲು ಹೋದರೆ ಸತ್ತಿರಿ. ಸರ್ವೆ ನಂಬರ್ ಪಟ್ಟಿಯನ್ನು ಲೆಕ್ಕಿಗರಿಗೆ ಕೊಡುತ್ತೇವೆ. ಅವರು ಪಹಣಿ, ಗ್ರಾಮನಕ್ಷೆ ಪಕ್ಕ ಇಟ್ಟು ಅರ್ಧ ದಿನದಲ್ಲಿ 'ಇದು ಗೋಮಾಳ, ಇದು ಹಳ್ಳ, ಇದು ಖರಾಬು' ಅಂತ ಗುರುತು ಹಾಕಿ ಕಳಿಸುತ್ತಾರೆ. ನೀರಿನ ಅಧ್ಯಾಯ ಉಪನ್ಯಾಸಕಿಗೆ. ಮಳೆಗಾಲ ಬಿಟ್ಟು ಒಂದು ಸೀಸನ್ ಅಳತೆ ಸಾಕು ಅಂತ ನಿಯಮವೇ ಇರೋದರಿಂದ, ಮಲೆನಾಡಿನ ಹಳ್ಳ ಎಷ್ಟೋ ವರದಿಗಳಲ್ಲಿ ಬೇಸಿಗೆಯ ಹಳ್ಳ. ಆಗಸ್ಟ್‌ನಲ್ಲಿ ಅದನ್ನು ದಾಟೋಕೆ ಸಂಕ ಬೇಕು ಅನ್ನೋದನ್ನು ಊರಿನವರೇ ಫೋಟೊ ಸಮೇತ ಹೇಳಬೇಕು. ನಾವು ಮೊದಲು ತೆರೆಯುವ ಪುಟ ಬೇರೊಂದಿದೆ. ಯಾವುದು ಅಂತ ಇಲ್ಲಿ ಬರೆಯಲ್ಲ, ವರದಿ ಬರೆಯುವ ಕನ್ಸಲ್ಟೆಂಟ್‌ಗಳೂ ಕನ್ನಡ ಓದುತ್ತಾರೆ.

ಡಿಟಿಪಿಯವರ ಬೆಲೆ ನಮಗೆ ಗೊತ್ತಾಗಿದ್ದು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಿಂದ. ಹಳೇ ಸರ್ಕಾರಿ ಪಿಡಿಎಫ್‌ಗಳಲ್ಲಿ ಅಕ್ಷರ ಯೂನಿಕೋಡ್ ಅಲ್ಲ. ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಊರಿನ ಹೆಸರು ಹಾಕಿ ಹುಡುಕಿದರೆ ಏನೂ ಸಿಗಲ್ಲ. ಕನ್ವರ್ಟರ್ ಹಾಕಿದರೂ ಕೆಲವು ಒತ್ತಕ್ಷರ ಕೈಕೊಡುತ್ತದೆ. ಇವರು ಇಪ್ಪತ್ತು ವರ್ಷ ಅದೇ ಕೀಲಿಮಣೆ ಕುಟ್ಟಿದವರು, ಕಣ್ಣಲ್ಲೇ ಓದಿ ಸರಿ ಮಾಡುತ್ತಾರೆ. ಯಂತ್ರಾನುವಾದವನ್ನೂ ಒಂದು ಕೈ ನೋಡಿದೆವು. ವಾಕ್ಯ ಚೆಂದ, ಅರ್ಥ ತಲೆಕೆಳಗು. 'ಓವರ್‌ಬರ್ಡನ್' ಅಂದರೆ ಗಣಿಯಲ್ಲಿ ಅದಿರಿನ ಮೇಲಿರುವ ಮಣ್ಣು ಕಲ್ಲು, ಅದನ್ನು 'ಅತಿಯಾದ ಹೊರೆ' ಮಾಡಿತ್ತು. ಪುಟಕ್ಕೆ 120 ಕೊಡೋದೇ ಅಗ್ಗ.

ಇನ್ನೊಂದಿಷ್ಟು ಪ್ರಯೋಗ ನಡೆದವು. ನಕ್ಷೆಯ ವೆಬ್‌ಪುಟ ಮಾಡಿಸಿದೆವು, ನಲವತ್ತು ಸಾವಿರ ಖರ್ಚು, ನೋಡಿದವರು ಬರೀ ಪತ್ರಕರ್ತರು. ಪಾಡ್‌ಕಾಸ್ಟ್ ನಾಲ್ಕೈದು ಕಂತಿಗೆ ನಿಂತಿತು. ಆದರೆ ಆರೇಳು ನಿಮಿಷದ ವಾಯ್ಸ್ ಮೆಸೇಜ್ ಓಡಿತು ನೋಡಿ! ತುಳುವಿನಲ್ಲಿ, ಲಂಬಾಣಿಯಲ್ಲಿ ಮಾಡಿಸಿದ್ದು ಕನ್ನಡದ್ದಕ್ಕಿಂತ ಜಾಸ್ತಿ ಹರಡಿತು. ತಾಂಡಾದಿಂದ ಒಬ್ಬ ಅಜ್ಜಿ 'ಮುಂದಿನದು ಯಾವಾಗ' ಅಂತ ವಾಪಸ್ ವಾಯ್ಸ್ ಕಳಿಸಿದರು.

ಅದೇ ತಾಂಡಾದವರು ನಮಗೆ ಇನ್ನೊಂದು ಪಾಠವನ್ನೂ ಹೇಳಿದರು. ಆಕ್ಷೇಪಣೆಗೆ ಮೊದಲು ಓಡಿ ಬರುವವರು ತೋಟ ಇದ್ದವರು. ಬಾಧಿತರ ಪಟ್ಟಿಗೆ ಸುಲಭವಾಗಿ ಸೇರುವವರೂ ಪಹಣಿ ಇದ್ದವರೇ. ಸರ್ಕಾರಿ ಜಮೀನು ಉಳುತ್ತಿರುವ ಬಗರ್‌ಹುಕುಂ ಸಾಗುವಳಿದಾರ, ಅದರ ಸಕ್ರಮಕ್ಕೆ ಫಾರಂ 57 ಹಾಕಿ ಕಾಯುತ್ತಿರುವವನು, ಕೂಲಿ ಲೈನಿನವರು, ಅರಣ್ಯ ಹಕ್ಕಿಗೆ ಮೂರು ತಲೆಮಾರಿನ ದಾಖಲೆ ಹುಡುಕುತ್ತಿರುವವರು, ಇವರೆಲ್ಲ ವರದಿಯಲ್ಲಿ ಸಿಗೋದು ಕಷ್ಟ. ಹಾಗಾಗಿ ಒಂದು ಕಟ್ಟುನಿಟ್ಟು ಮಾಡಿದೆವು. ಜಮೀನಿನ ಕಾಗದ ಇಲ್ಲದ ಕನಿಷ್ಠ ಹತ್ತು ಮನೆಯವರ ಮಾತು ಬರೆದುಕೊಳ್ಳದೆ ಯಾವ ಆಕ್ಷೇಪಣೆಯೂ ನಮ್ಮಿಂದ ಹೊರಗೆ ಹೋಗುವಂತಿಲ್ಲ. ಇದಕ್ಕೆ ಇಬ್ಬರು ದೊಡ್ಡ ದಾನಿಗಳು ಮುನಿಸಿಕೊಂಡು ಹೋದರು. ಹೋಗಲಿ.

ದುಡ್ಡಿನ ಕಥೆ. ವಿದೇಶಿ ಹಣ ಬೇಡ ಅಂತ ಮೊದಲೇ ತೀರ್ಮಾನ. ವಿದೇಶಿ ದೇಣಿಗೆ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಬಂದ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ನಮ್ಮಲ್ಲಿ ಖರ್ಚೇ ಜನರದ್ದು, ಅದರಲ್ಲಿ ಯಾವುದು ಆಡಳಿತ ಅಂತ ವಾದ ಮಾಡುತ್ತ ಕೂರೋಕೆ ಯಾರಿಗೆ ಪುರುಸೊತ್ತು? ಹಾಗಾಗಿ ತಿಂಗಳಿಗೆ ನೂರು, ಇನ್ನೂರು ಕೊಡುವವರನ್ನು ಹುಡುಕಿದೆವು. ಕಾರ್ಡ್‌ನಿಂದ ತಾನಾಗೇ ಕಡಿತವಾಗುವ ನಾನೂರು ಜನ ಸೇರಿದ್ದರು. 2021ರ ಅಕ್ಟೋಬರ್ 1ಕ್ಕೆ ಇಂಥ ಕಡಿತದ ಬಗ್ಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು. ಆ ತಿಂಗಳು ದುಡ್ಡು ಬಂದಿದ್ದು ನೂರು ಜನರಿಂದಲೂ ಅಲ್ಲ. ಪೇಮೆಂಟ್ ಕಂಪನಿಗೆ ಫೋನ್ ಮಾಡಿದರೆ ಬ್ಯಾಂಕ್ ಕೇಳಿ ಅಂದರು, ಬ್ಯಾಂಕಿನವರು ಅವರನ್ನೇ ಕೇಳಿ ಅಂದರು. ಒಬ್ಬೊಬ್ಬರಿಗೇ ಫೋನ್ ಮಾಡಿ ಯುಪಿಐ ಆಟೋಪೇಗೆ ಬದಲಿಸಲು ಐದಾರು ತಿಂಗಳು ಹಿಡಿಯಿತು. ಗೌರವಧನ ಶುರು ಮಾಡಲು ತಡವಾಗಿದ್ದೂ ಇದರಿಂದಲೇ. ಈಗ ಏಳುನೂರರ ಆಸುಪಾಸು ಇದ್ದಾರೆ, ಸರಾಸರಿ 150 ರೂಪಾಯಿ. ಕಡಿತ ತಪ್ಪುವುದು ತೀರ ಕಡಿಮೆ. ತಿಂಗಳ ಯಾವ ತಾರೀಖಿಗೆ ಇಟ್ಟಿದ್ದೇವೆ ಅನ್ನೋದು ನಮ್ಮ ಎರಡನೇ ಗುಟ್ಟು. ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ, ಅದಕ್ಕಾಗಿ ದಾನಿಗಳ ವಿವರ ಸಲ್ಲಿಸುವ 10ಬಿಡಿ ಕೆಲಸವನ್ನು ಕೊನೆಯ ದಿನವಾದ ಮೇ 31ಕ್ಕೆ ಒಂದು ವಾರ ಮುಂಚೆ ಶುರು ಮಾಡುವವರಿಗೆ ನನ್ನ ಅನುಕಂಪ. ನಾವು ಪ್ಯಾನ್ ನಂಬರ್ ಮೊದಲ ದಿನವೇ ಕೇಳುತ್ತೇವೆ.

ಫಲ ಏನು? ಹೋದ ವರ್ಷ ಒಂದು ಗಣಿ ವಿಸ್ತರಣೆಯ ಸಭೆಗೆ ಅರವತ್ತಕ್ಕೂ ಹೆಚ್ಚು ಲಿಖಿತ ಆಕ್ಷೇಪಣೆ ಹೋದವು. ಒಂದರಂತೆ ಇನ್ನೊಂದು ಇರಲಿಲ್ಲ, ಪ್ರತಿಯೊಂದರಲ್ಲೂ ಸರ್ವೆ ನಂಬರ್ ಇತ್ತು. ಸಭೆಯಲ್ಲಿ ಬಂದ ಆಕ್ಷೇಪಗಳ ಸಾರಾಂಶವನ್ನು ಕೊನೆಗೆ ಕನ್ನಡದಲ್ಲಿ ಓದಿ ಹೇಳಬೇಕು ಅನ್ನೋದು ನಿಯಮ. ಅವತ್ತು ಪೂರ್ತಿ ಓದಿಸಿದೆವು, ಕತ್ತಲಾಯಿತು. ನೀರಿನ ಅಧ್ಯಯನ ಮತ್ತೆ ಮಾಡಿ ಅಂತ ತಜ್ಞರ ಸಮಿತಿ ಕಡತ ವಾಪಸ್ ಕಳಿಸಿತು. ನಡಾವಳಿಯ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದು ನಮ್ಮ ಡಿಟಿಪಿ ತಮ್ಮ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, 150 ಪದದೊಳಗೆ. ಆ ಮಿತಿಯಲ್ಲಿ ಬರೆಯೋದರಲ್ಲಿ ಅವನನ್ನು ಮೀರಿಸುವವರಿಲ್ಲ.

'ನಿಮ್ಮ ಹಿಂದೆ ಯಾರಿದ್ದಾರೆ, ಹೆಸರು ಹಾಕಿ' ಅಂತ ಆಗಾಗ ಕೇಳುತ್ತಾರೆ. ಟ್ರಸ್ಟಿಗಳ ಹೆಸರು ಹಾಕಿದ್ದೇವೆ. ಉಳಿದವರದ್ದು ತಾಲ್ಲೂಕು ಮತ್ತು ಕೆಲಸ ಮಾತ್ರ. ಕಂಟ್ರಾಕ್ಟರ್ ಎದುರು ಮನೆಯಲ್ಲೇ ಇರುವ ಊರಿನಲ್ಲಿ ಬದುಕಬೇಕಾದವರು ಅವರು. ಬದಲಿಗೆ ಪ್ರತಿ ತಿಂಗಳು ಖರ್ಚಿನ ಪಟ್ಟಿ ಹಾಕುತ್ತೇವೆ, ಯಾವ ಕೆಲಸಕ್ಕೆ ಎಷ್ಟು ಅಂತ. ನಕ್ಕಿದ್ದ ಆ ವಕೀಲರು ಪಟ್ಟಿ ನೋಡಿ ಫೋನ್ ಮಾಡಿದ್ದರು. ನೋಟಿಸ್ ಕಾಯುವವರಿಗೆ 800 ಕಡಿಮೆಯಾಯಿತು ಅಂತ ತಕರಾರು! ಏಪ್ರಿಲ್‌ನಿಂದ ಸಾವಿರ ಮಾಡಿದ್ದೇವೆ. ಯಾದಗಿರಿ, ರಾಯಚೂರು ಕಡೆ ಇನ್ನೂ ಯಾರೂ ಸಿಕ್ಕಿಲ್ಲ. ಪಹಣಿ ಓದಬಲ್ಲ, ನುಡಿ ಬಲ್ಲ, ಬೆಳಗ್ಗೆ ಆರಕ್ಕೆ ಪೇಪರ್ ನೋಡಬಲ್ಲ ಯಾರಾದರೂ ನಿಮ್ಮ ಗುರುತಿನವರಿದ್ದರೆ ತಿಳಿಸಿ.