ಚೌಕಳಿ ಲುಂಗಿ ಮತ್ತು ಎರಡು ಬೆಳ್ಳಿ ಉರುಳೆ

ಪುಣೆಯ ಪಾಷಾಣ್‌ನಲ್ಲಿ ಪಿಎಚ್‌ಡಿ ಶುರು ಮಾಡಿದಾಗ ಗೈಡ್ ಕೊಟ್ಟ ಕೆಲಸ ಕೇಳೋಕೆ ಸುಲಭವಾಗಿತ್ತು. ಒಂದಕ್ಕೊಂದು ತಾಗಿ ಮಲಗಿದ ಎರಡು ಬೆಳ್ಳಿ ಉರುಳೆಗಳು, ಒಂದೊಂದೂ 20 ನ್ಯಾನೊಮೀಟರ್ ದಪ್ಪ. ಬೆಳಕು ಬಿದ್ದರೆ ಯಾವ ಬಣ್ಣವನ್ನು ಹೀರುತ್ತವೆ? ಸಿಮ್ಯುಲೇಷನ್ ಸಾಫ್ಟ್‌ವೇರ್ ಇದೆಯಲ್ಲ, ವಾರದಲ್ಲಿ ಮುಗಿಸುತ್ತೇನೆ ಅಂದುಕೊಂಡೆ.

ನಾಲ್ಕು ತಿಂಗಳು ಹೋಯಿತು. ಉರುಳೆಗಳು ತಾಗುವ ಜಾಗದಲ್ಲಿ ಮೆಶ್ (ಲೆಕ್ಕಕ್ಕಾಗಿ ಜಾಗವನ್ನು ಕತ್ತರಿಸಿದ ಪುಟ್ಟ ತುಂಡುಗಳ ಬಲೆ) ಎಷ್ಟು ಸಣ್ಣ ಮಾಡಿದರೂ ಸಾಲದು. 1 ನ್ಯಾನೊಮೀಟರಿಗೆ ಒಂದು ಉತ್ತರ, ಅರ್ಧಕ್ಕೆ ಇನ್ನೊಂದು, ಕಾಲಿಗೆ ಮತ್ತೊಂದು. ಕೊನೆಗೆ ಮೆಮೊರಿ ಸಾಲದೆ ಕಂಪ್ಯೂಟರೇ ಕೈಯೆತ್ತಿತು. ಇದರ ಮೇಲೆ ನನ್ನದೇ ಒಂದು ಎಡವಟ್ಟು. ಪರ್ಮಿಟಿವಿಟಿ ಅಂದರೆ ಬೆಳಕಿನ ವಿದ್ಯುತ್ ಕ್ಷೇತ್ರಕ್ಕೆ ವಸ್ತು ಹೇಗೆ ಸ್ಪಂದಿಸುತ್ತೆ ಅಂತ ಹೇಳುವ ಸಂಖ್ಯೆ, ಅದರ ಕಾಲ್ಪನಿಕ ಭಾಗ ಹೀರುವಿಕೆಯ ಲೆಕ್ಕ. ಬೆಳ್ಳಿಯ ಪರ್ಮಿಟಿವಿಟಿಯಲ್ಲಿ ಈ ಕಾಲ್ಪನಿಕ ಭಾಗದ ಚಿಹ್ನೆ ಉಲ್ಟಾ ಹಾಕಿದ್ದೆ. ನಾನು ಓದಿದ ಪುಸ್ತಕದ್ದು ಒಂದು ಪದ್ಧತಿ, ಸಾಫ್ಟ್‌ವೇರಿನದು ಇನ್ನೊಂದು. ಬೆಳ್ಳಿ ಬೆಳಕು ಹೀರುವ ಬದಲು ಉಗುಳುತ್ತಿತ್ತು! 10 ದಿನ ಏನೋ ಹೊಸದು ಕಂಡುಹಿಡಿದೆ ಅಂತಲೇ ನಂಬಿದ್ದೆ.

ದಾರಿ ಸಿಕ್ಕಿದ್ದು ಲಂಡನ್ನಿನ ಭೌತವಿಜ್ಞಾನಿ ಜಾನ್ ಪೆಂಡ್ರಿ ಗುಂಪಿನ 2010ರ ಕೆಲಸದಲ್ಲಿ. ಪೆಂಡ್ರಿ ಅಂದರೆ ಎಲ್ಲರಿಗೂ ಬೆಳಕನ್ನು ಸುತ್ತಿ ಹಾಯಿಸಿ ವಸ್ತುವನ್ನು ಮರೆಮಾಡುವ 2006ರ ಮಾಯಾ ಹೊದಿಕೆ ನೆನಪಾಗುತ್ತೆ, ಅಲ್ವಾ? ಗಣಿತ ಅದೇ. ಒಗೆದು ಒಗೆದು ಜಗ್ಗಿಹೋದ ನನ್ನ ಚೌಕಳಿ ಲುಂಗಿಯ ಹಾಗೆ. ನೂಲು ಬಾಗಿರುತ್ತೆ, ಚೌಕಗಳ ಲೆಕ್ಕ ಬದಲಾಗಲ್ಲ. ಬೆಳಕು ನೂಲು ಹಿಡಿದು ನಡೆಯುತ್ತೆ. ಜಾಗವನ್ನು ಜಗ್ಗಿದರೂ ಬೆಳಕಿನ ನಡಿಗೆ ಹೇಳುವ ಮ್ಯಾಕ್ಸ್‌ವೆಲ್ ಸಮೀಕರಣಗಳ ರೂಪ ಹಾಗೇ ಉಳಿಯುತ್ತೆ. ಜಗ್ಗಿದ್ದರ ಲೆಕ್ಕವೆಲ್ಲ ವಸ್ತುವಿನ ಗುಣಕ್ಕೆ ಹೋಗುತ್ತೆ. ಹೊದಿಕೆಗೆ ಹಾಗೆ ಬೇಕಾದ ಗುಣ ಯಾವ ಸಹಜ ವಸ್ತುವಿನಲ್ಲೂ ಇಲ್ಲ. ಅದಕ್ಕೇ ಡ್ಯೂಕ್ ವಿಶ್ವವಿದ್ಯಾಲಯದವರು ತಾಮ್ರದ ಸೀಳು ಉಂಗುರಗಳ ಮೆಟಾಮೆಟೀರಿಯಲ್ (ಬೇಕಾದ ಗುಣ ಬರುವಂತೆ ಕೈಯಾರೆ ಕಟ್ಟಿದ ವಸ್ತು) ಮಾಡಿದರು, ಅದೂ ಮೈಕ್ರೋವೇವ್‌ಗೆ.

ನನ್ನ ಪುಣ್ಯ, ಉರುಳೆಗೆ ಅಷ್ಟೆಲ್ಲ ಬೇಕಿಲ್ಲ. ಬೆಳಕಿನ ಅಲೆಗಿಂತ ತುಂಬಾ ಸಣ್ಣ ವಸ್ತು, ಎರಡೇ ಆಯಾಮ, ಕೋನ ಕೆಡಿಸದ ಮ್ಯಾಪು. ಇಷ್ಟಿದ್ದರೆ ಪರ್ಮಿಟಿವಿಟಿ ಬದಲಾಗುವುದೇ ಇಲ್ಲ. ಬೆಳ್ಳಿ ಬೆಳ್ಳಿಯಾಗೇ ಉಳಿಯುತ್ತೆ.

ಮೊದಲು ಉರುಳೆ ಬಿಟ್ಟು ಸುಲಭದ ಚಿತ್ರ: ಎರಡು ದೊಡ್ಡ ಬೆಳ್ಳಿ ಚಪ್ಪಡಿ, ನಡುವೆ ಸಣ್ಣ ಸಂದು. ಸಂದಿನ ಮಧ್ಯದ ಬಿಂದುವನ್ನು ಸೊನ್ನೆ ಅಂತ ಇಟ್ಟು, ಪ್ರತಿ ಬಿಂದುವಿನ ಜಾಗ ಹೇಳುವ ಸಂಕೀರ್ಣ ಸಂಖ್ಯೆ z ಬದಲು 1/z ಹಾಕಿ. ಚಪ್ಪಡಿಯ ನೆಟ್ಟಗಿನ ಅಂಚು ವೃತ್ತವಾಗುತ್ತೆ. ಎರಡು ಅಂಚು, ಎರಡು ವೃತ್ತ, ಎರಡೂ ಸೊನ್ನೆಯಲ್ಲಿ ತಾಗುತ್ತವೆ. ನನ್ನ ಉರುಳೆಗಳು! ಅವುಗಳ ಮೇಲೆ ಬೀಳುವ ಬೆಳಕು ಅಂದರೆ, ಚಪ್ಪಡಿಯ ಚಿತ್ರದಲ್ಲಿ, ಸಂದಿನ ನಡುವೆ ಇಟ್ಟ ಒಂದು ಪುಟ್ಟ ಡೈಪೋಲ್ (ಪ್ಲಸ್-ಮೈನಸ್ ವಿದ್ಯುದಂಶಗಳ ಜೋಡಿ). ಅದರಿಂದ ಹೊರಟ ಪ್ಲಾಸ್ಮಾನ್ ಅಲೆ (ಲೋಹದ ಮೇಲ್ಮೈಯಲ್ಲಿ ಎಲೆಕ್ಟ್ರಾನುಗಳ ಅಲೆ) ಚಪ್ಪಡಿಯಲ್ಲಿ ಎರಡೂ ಕಡೆ ಕೊನೆಯಿಲ್ಲದೆ ಓಡುತ್ತೆ. ಉರುಳೆಯಲ್ಲಿ ಅದೇ ಓಟ ತಾಗುವ ಬಿಂದುವಿನ ಕಡೆಗೆ. ಹತ್ತಿರವಾದಷ್ಟೂ ನಿಧಾನ, ಅಲೆ ಗಿಡ್ಡ. ತಲುಪುವುದೇ ಇಲ್ಲ, ದಾರಿಯಲ್ಲೇ ಬಿಸಿಯಾಗಿ ಕರಗುತ್ತೆ.

ಇದನ್ನು ಹುಬ್ಬಳ್ಳಿಯ ರೂಮ್‌ಮೇಟಿಗೆ ಹೇಳಿದೆ. ಅವನು ರಸ್ತೆ ಕಾಂಟ್ರಾಕ್ಟಿನವನು. "ಅಂದ್ರ ಮುಗಿಯಲಾರದ ರಸ್ತೇನ ಮಡಚಿ ಒಂದ ಚುಕ್ಕಿಯೊಳಗ ಇಟ್ಟೀಯಲ್ಲೋ" ಅಂದ. ನನ್ನ ಮೆಶ್ ಯಾಕೆ ಸಾಲಲಿಲ್ಲ ಅಂತ ಆಗ ಹೊಳೆಯಿತು. ಚುಕ್ಕಿಗೆ ಎಷ್ಟು ಹತ್ತಿರ ಹೋದರೂ ಮುಂದೆ ಅಷ್ಟೇ ರಸ್ತೆ ಬಾಕಿ.

ಉತ್ತರ ಅರ್ಧ ಪುಟದಲ್ಲಿ ಬಂತು. ಅಲೆಯ k (ಅಲೆ ಗಿಡ್ಡವಾದಷ್ಟೂ ಇದು ದೊಡ್ಡದು) ಅನ್ನು ಸಂದಿನ ಅಗಲದಿಂದ ಗುಣಿಸಿದರೆ ಸಿಗೋದು (ε−1)/(ε+1) ಇದರ ನ್ಯಾಚುರಲ್ ಲಾಗ್, ε ಅಂದರೆ ಪರ್ಮಿಟಿವಿಟಿ. 500 ನ್ಯಾನೊಮೀಟರ್ ಬೆಳಕಿಗೆ ಬೆಳ್ಳಿಯ ε ಸುಮಾರು −10, ಉತ್ತರ 0.2. 354ರ ಹತ್ತಿರ ε −2, ಉತ್ತರ 1.1. ε −1ಕ್ಕಿಂತ ಕೆಳಗಿರುವ ಯಾವ ಬಣ್ಣಕ್ಕೂ ಒಂದು ಅಲೆ ಇದ್ದೇ ಇದೆ. ಒಂಟಿ ಉರುಳೆ −1ರಲ್ಲಿ ಮಾತ್ರ ಅನುರಣಿಸುತ್ತೆ. ಜೋಡಿ ಬಣ್ಣಗಳ ಇಡೀ ಪಟ್ಟಿಯನ್ನೇ ಹೀರುತ್ತೆ.

ಇನ್ನು ಲ್ಯಾಬ್ ಕಥೆ. ಎಲೆಕ್ಟ್ರಾನ್ ಬೀಮಿನಲ್ಲಿ ಬರೆದದ್ದು ಉದ್ದ ಉರುಳೆಯಲ್ಲ, ಚಪ್ಪಟೆ ಬಿಲ್ಲೆ. ಗಾತ್ರವೂ ದೊಡ್ಡದು. ಹಾಗಾಗಿ ಹೋಲಿಕೆ ಸುಮಾರು ಮಾತ್ರ. ಪುಣೆಯ ಮಳೆಗಾಲದಲ್ಲಿ ಬೆಳ್ಳಿ ಸ್ಯಾಂಪಲ್ ಅಮ್ಮನ ಕುಂಕುಮ ಭರಣಿಯ ಹಾಗೆ ಕಪ್ಪಾಯಿತು. ಭರಣಿಯನ್ನಾದರೆ ವಿಭೂತಿ ಹಾಕಿ ಉಜ್ಜಬಹುದು, ಇದನ್ನು ಏನು ಉಜ್ಜೋದು? ಚಿನ್ನಕ್ಕೆ ಹೋದೆ. ಆದರೆ ಚಿನ್ನ 500ರ ಕೆಳಗಿನ ನೀಲಿಯನ್ನು ತಾನೇ ನುಂಗುತ್ತೆ.

ಜೊತೆಗೆ ಬಿಲ್ಲೆಗಳು ತಾಗುವ ಕಡೆ ಚೂಪಾಗಿ ಬರಲಿಲ್ಲ, ಕರಗಿ ಕೂಡಿಕೊಂಡು ಕತ್ತು ಬಂದಿತ್ತು. ಅಗಲ ಪಟ್ಟಿಯ ಬದಲು ಗ್ರಾಫಿನಲ್ಲಿ ಬಿಡಿಬಿಡಿ ಶಿಖರಗಳು. ಮತ್ತೆ ಪೆನ್ಸಿಲ್ ತೆಗೆದೆ. ಕತ್ತು ಅಂದರೆ ಚಪ್ಪಡಿಯ ರಸ್ತೆಗೆ ಅಡ್ಡ ಗೋಡೆ. ಅಲೆ ಬಡಿದು ವಾಪಸ್ ಬರುತ್ತೆ, ತಂಬೂರಿ ತಂತಿಯ ಹಾಗೆ ಕೆಲವು ಸ್ವರ ಮಾತ್ರ ಉಳಿಯುತ್ತವೆ. ಕತ್ತಿನ ಅಗಲ ಹಾಕಿ ಲೆಕ್ಕ ಮಾಡಿದಾಗ ಕೆಂಪು ಕಡೆಯ ಎರಡು ಶಿಖರ ಹೆಚ್ಚುಕಡಿಮೆ ಕೂತವು. ಮೂರನೆಯದು ಚಿನ್ನ ನುಂಗುವ ನೀಲಿಯೊಳಗೆ ಬರಬೇಕಿತ್ತು, ಅದು ಕಾಣಲೇ ಇಲ್ಲ.