ಪಂಕ್ಚರ್ ಆದಮೇಲೆ ಹೈಬ್ರಿಡ್ ಕಾರು ಮುನಿಸಿಕೊಂಡರೆ

ಚನ್ನರಾಯಪಟ್ಟಣ ದಾಟಿ ಸ್ವಲ್ಪ ದೂರಕ್ಕೆ ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟರೂ ಇರುವ ನಮ್ಮ ಹೈಬ್ರಿಡ್ ಕಾರಿನ ಟಯರ್ ಕೂತಿತು. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿ ಇಲ್ಲ. ಅದನ್ನು ಆಟೊದಲ್ಲಿ ಪಂಕ್ಚರ್ ಅಂಗಡಿಗೆ ಕಳಿಸಿ ತರಿಸುವಷ್ಟರಲ್ಲಿ ಎರಡು ಗಂಟೆ. ಅಷ್ಟೂ ಹೊತ್ತು ಕಾರು ಆಫ್, ನಾಲ್ಕೂ ಇಂಡಿಕೇಟರ್ ಆನ್, ಡಿಕ್ಕಿ ಬಾಗಿಲು ತೆರೆದೇ ಇತ್ತು. ಕೊನೆಗೆ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡ್ ತುಂಬ ದಸರಾ ದೀಪಾಲಂಕಾರ. ಕಾರು ಹೊರಡಲು ಸಿದ್ಧ ಎಂದು ಹೇಳುವ ‘ರೆಡಿ’ ಎಂಬ ಅಕ್ಷರ ಮಾತ್ರ ಬರಲಿಲ್ಲ. ಮೋಟರ್ ಓಡಿಸುವ ದೊಡ್ಡ ಹೈಬ್ರಿಡ್ ಬ್ಯಾಟರಿಯೇ ಹೋಯಿತು ಎಂದು ಎದೆ ಧಸಕ್ ಎಂದಿತು.

ಹೋಗಿದ್ದು ಅದಲ್ಲ, ಮಾಮೂಲಿ 12 ವೋಲ್ಟ್ ಬ್ಯಾಟರಿ. ಹೈಬ್ರಿಡ್‌ನಲ್ಲಿ ಕಂಪ್ಯೂಟರುಗಳನ್ನು ಎಬ್ಬಿಸುವುದು ಅದೇ. ‘ರೆಡಿ’ಯಲ್ಲಿದ್ದಾಗ ಮಾತ್ರ ದೊಡ್ಡ ಬ್ಯಾಟರಿ ಅದನ್ನು ಚಾರ್ಜ್ ಮಾಡುತ್ತದೆ. ಆದ್ದರಿಂದ ಮೊದಲು ಮೀಟರ್ ಹಿಡಿದು ನೋಡಿ: ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಬರಿದಾಗಿದೆ. ಮಾಮೂಲಿ ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಜಂಪ್ ಕೊಡಬಹುದು. ಕೇಬಲ್ ಎಲ್ಲಿ ಸಿಕ್ಕಿಸಬೇಕು ಎನ್ನುವುದು ಕಾರಿನ ಪುಸ್ತಕದಲ್ಲಿರುತ್ತದೆ, ಏಕೆಂದರೆ ಕೆಲವು ಹೈಬ್ರಿಡ್‌ಗಳಲ್ಲಿ ಈ ಬ್ಯಾಟರಿ ಹಿಂದುಗಡೆ ಇರುತ್ತದೆ. ದೊಡ್ಡ ಬ್ಯಾಟರಿಯ ಅಪಾಯಕಾರಿ ಕರೆಂಟ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್‌ಗಳ ಸುದ್ದಿಗೆ ಮಾತ್ರ ಹೋಗಬೇಡಿ.

ಹಾಗೆಂದು ‘ರೆಡಿ’ಯಲ್ಲಿಟ್ಟು ಜಾಕ್ ಹಾಕುವುದೂ ತಪ್ಪು. ಸದ್ದೇ ಇಲ್ಲದ ಕಾರಿನಲ್ಲಿ ಎಂಜಿನ್ ತಾನಾಗಿ ಶುರುವಾಗಬಹುದು. ಚಕ್ರ ಬಿಚ್ಚುವಾಗ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ. ಸುಮ್ಮನೆ ಕಾಯುವಾಗ, ಗಾಳಿ ಪಂಪ್ ಓಡಿಸುವಾಗ ಮಾತ್ರ ಗೇರನ್ನು ‘ಪಿ’ (ಪಾರ್ಕ್)ಯಲ್ಲಿ ನಿಲ್ಲಿಸಿ ‘ರೆಡಿ’ ಮಾಡಿ.

ಕಾರು ಹೊರಟ ಮೇಲೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದುಕೊಳ್ಳದಂತೆ ತಡೆಯುವ ವ್ಯವಸ್ಥೆ) ಅಥವಾ ಜಾರುವಿಕೆಯ ದೀಪ ಹತ್ತಿದರೆ ಸ್ಟೆಪ್ನಿ ನೋಡಿ. ತೆಳ್ಳಗಿನ ತಾತ್ಕಾಲಿಕ ಚಕ್ರದ ವ್ಯಾಸ ಕಡಿಮೆ ಇದ್ದರೆ ಅದು ಉಳಿದವಕ್ಕಿಂತ ಬೇಗ ಸುತ್ತುತ್ತದೆ. ಚಕ್ರ ಜಾರುತ್ತಿದೆ ಎಂದು ಕಂಪ್ಯೂಟರ್ ತಿಳಿದು ಎಳೆತ ತಗ್ಗಿಸಬಹುದು. ಅಂಥ ಚಕ್ರಕ್ಕೆ ಸಾಮಾನ್ಯವಾಗಿ 60 ಪಿಎಸ್‌ಐ ಗಾಳಿ ಬೇಕು, ವೇಗ 80 ಕಿ.ಮೀ. ಮೀರಬಾರದು. ಎರಡೂ ಅದರ ಮೈಮೇಲೆ ಬರೆದಿರುತ್ತದೆ, ನಾವು ಓದುವುದಿಲ್ಲ ಅಷ್ಟೆ.

ಸರಿಯಾದ ಟಯರ್ ಹಾಕಿದ ಮೇಲೂ ದೀಪ ಆರದಿದ್ದರೆ, ಚಕ್ರದ ಹಿಂದೆ ಟಾರ್ಚ್ ಬಿಡಿ. ಹರಿದ ಟಯರ್‌ನ ಚೂರು ಬಡಿದು ವೇಗದ ಸೆನ್ಸರ್ ವೈರ್ ತುಂಡಾಗಿರಬಹುದು. ಈ ಸೆನ್ಸರ್ ಕೈಕೊಟ್ಟರೆ ಬ್ರೇಕ್ ಒತ್ತಿದಾಗ ಬ್ಯಾಟರಿಗೆ ಕರೆಂಟ್ ವಾಪಸಾಗುವುದು ನಿಲ್ಲಬಹುದು. ಆಗ ಪೆಡಲ್ ಬೇರೆ ಥರ ಅನಿಸುತ್ತದೆ, ಮೈಲೇಜೂ ಇಳಿಯುತ್ತದೆ. ಟಯರ್‌ನಲ್ಲಿ ಗಾಳಿ ಕಡಿಮೆ ಎನ್ನುವ ಹಳದಿ ದೀಪಕ್ಕೆ ಮದ್ದು ಸುಲಭ: ಟಯರ್ ತಣ್ಣಗಿರುವಾಗ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿರುವಷ್ಟು ತುಂಬಿಸಿ ರೀಸೆಟ್ ಮಾಡಿ.

ಇನ್ನೊಂದು ಯಾರಿಗೂ ಹೊಳೆಯದ ಕಾರಣ. ಸ್ಟೆಪ್ನಿ ತೆಗೆಯಲು ಡಿಕ್ಕಿಯ ಬ್ಯಾಗುಗಳನ್ನೆಲ್ಲ ಹಿಂದಿನ ಸೀಟಿಗೆ ಹಾಕಿರುತ್ತೇವೆ. ಹಲವು ಹೈಬ್ರಿಡ್‌ಗಳಲ್ಲಿ ದೊಡ್ಡ ಬ್ಯಾಟರಿಗೆ ತಂಪುಗಾಳಿ ಹೋಗುವ ಜಾಲರಿ ಇರುವುದು ಆ ಸೀಟಿನ ಪಕ್ಕ ಅಥವಾ ಕೆಳಗೆ. ಅದು ಮುಚ್ಚಿದರೆ ಫ್ಯಾನ್ ಜೋರಾಗಿ ಗುಂಯ್‌ಗುಡುತ್ತದೆ, ಬ್ಯಾಟರಿ ಕಾದಂತೆಲ್ಲ ಎಂಜಿನ್ ಹೆಚ್ಚು ಓಡುತ್ತದೆ. ಬ್ಯಾಗ್ ಸರಿಸಿ, ಸ್ವಲ್ಪ ಹೊತ್ತು ಕಾಯಿರಿ.

ಇಷ್ಟಕ್ಕೂ ಬಗ್ಗದೆ ಹೈಬ್ರಿಡ್ ಸಿಸ್ಟಮ್‌ನ ಎಚ್ಚರಿಕೆ ಬಂದರೆ ಗ್ಯಾರೇಜಿಗೆ ಫೋನ್ ಮಾಡಿ. ಆದರೆ ಹಗ್ಗ ಕಟ್ಟಿ ಎಳೆಸಬೇಡಿ: ಮುಂದಿನ ಚಕ್ರ ಉರುಳಿದರೆ ಒಳಗಿನ ಮೋಟರ್ ಜನರೇಟರಿನಂತೆ ಕರೆಂಟ್ ಹುಟ್ಟಿಸಿ ಹಾನಿ ಮಾಡಬಹುದು. ನಾಲ್ಕೂ ಚಕ್ರ ಮೇಲೇರಿಸಿಕೊಂಡು ಹೋಗುವ ಗಾಡಿಯೇ ಬೇಕೆಂದು ಮೊದಲೇ ಹೇಳಿ ಕರೆಸಿ.